ಸುಂಕದ ಪಟ್ಟಿಯಲ್ಲಿ ಮೀನಿನ ಸ್ಥಾನ

1. ವಿಷಯಪ್ರವೇಶ

ಸುಂಕವು ಸರಕಿನ ಮೇಲೆ ವಿಧಿಸುವ ತೆರಿಗೆಯೆಂಬುದು ಸರ್ವವಿದಿತವಾದ ಸಂಗತಿ. ಆದರೆ ಸುಂಕದ ದರವನ್ನು ಹೇಳುವುದಕ್ಕೆ ಮೊದಲು ಆ ಸರಕಿಗೆ ಒಂದು ಹೆಸರನ್ನು ಗೊತ್ತುಮಾಡಬೇಕಾಗುತ್ತದೆ. ಹೆಸರು ಗೊತ್ತಾದ ಮೇಲೆ ಅದು ಯಾವ ಸ್ಥಿತಿಯಲ್ಲಿದೆಯೆಂಬುದನ್ನೂ ನಿರ್ಣಯಿಸಬೇಕು. ಹಸಿಯದೋ ಒಣಗಿದುದೋ, ಇಡಿಯಾದುದೋ ಹೋಳಾದುದೋ, ಬೇಯಿಸಿದುದೋ ಬೇಯಿಸದುದೋ ಎಂಬ ಭೇದಗಳು ಮನೆಯ ಅಡಿಗೆಗೆ ಎಷ್ಟು ಮುಖ್ಯವೋ ರಾಜ್ಯದ ಬೊಕ್ಕಸಕ್ಕೂ ಅಷ್ಟೇ ಮುಖ್ಯವಾಗಿವೆ. ಈ ಭೇದಗಳನ್ನು ಅತಿ ಸೂಕ್ಷ್ಮವಾಗಿ ಪರಿಗಣಿಸಬೇಕಾಗುವ ಸರಕುಗಳಲ್ಲಿ ಮೀನು ಮುಖ್ಯವಾದುದು.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮದಲೂರು ತನ್ನ ಹಿರಿಯ ಕೆರೆಯಿಂದ ಪ್ರಸಿದ್ಧವಾದ ಊರು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಕೆರೆಗೆ ನೀರು ಬರುವುದೇ ಒಂದು ದೊಡ್ಡ ಸಂಗತಿ. ಹೇಮಾವತಿಯ ನೀರನ್ನು ಈ ಕೆರೆಗೆ ಹರಿಸಬೇಕೆಂಬ ವಿಚಾರವು 2020ರ ಶಿರಾ ಉಪಚುನಾವಣೆಯ ಕಾಲದಲ್ಲಿ ನಾಡಿನಲ್ಲೆಲ್ಲ ಚರ್ಚೆಗೆ ಬಂದಿತು. ಕೆರೆಗಳಲ್ಲಿ ನೀರು ನಿಂತ ವರ್ಷ ಕಾಟ್ಲಾ, ರೋಹು, ಮೃಗಾಲ್ ಎಂಬ ಮೀನುಗಳ ಮರಿಗಳನ್ನು ಬಿಟ್ಟು ಬೆಳೆಸುವುದು ಇಂದಿನ ಕರ್ಣಾಟಕದ ವಾಡಿಕೆಯಾಗಿದೆ. ಇಂತಹ ಕೆರೆಯಲ್ಲಿ ಬೆಳೆದ ಒಂದು ಕಾಟ್ಲಾ ಮೀನನ್ನು ಪರದೇಶಕ್ಕೆ ಕಳುಹಿಸುವುದಾದರೆ ಅದಕ್ಕೆ ಸುಂಕದ ಪಟ್ಟಿಯಲ್ಲಿ ಯಾವ ಸ್ಥಾನ ದೊರೆಯುವುದೆಂದು ನೋಡಬಹುದು. ಜೀವಸಹಿತವಾಗಿದ್ದರೆ ಅದು 0301ನೆಯ ಶೀರ್ಷಿಕೆಗೆ ಸೇರುತ್ತದೆ. ಹಸಿಯದಾಗಿ ಅಥವಾ ಮಂಜುಗಡ್ಡೆಯಲ್ಲಿಟ್ಟು ತಣ್ಣಗೆ ಮಾಡಿದುದಾಗಿದ್ದರೆ 0302ಕ್ಕೆ. ಇಡಿಯಾಗಿ ಹೆಪ್ಪುಗಟ್ಟಿಸಿದುದಾದರೆ 0303ಕ್ಕೆ. ಮುಳ್ಳು ಬಿಡಿಸಿದ ಹೋಳಾದರೆ 0304ಕ್ಕೆ. ಉಪ್ಪುಹಾಕಿ ಒಣಗಿಸಿದುದಾದರೆ 0305ಕ್ಕೆ. ಹಿಟ್ಟು ಹಚ್ಚಿ ಸಿದ್ಧಪಡಿಸಿದ ಖಾದ್ಯವಾದರೆ ಮೂರನೆಯ ಅಧ್ಯಾಯವನ್ನೇ ಬಿಟ್ಟು 1604ಕ್ಕೆ. ಕೆರೆ ಒಂದೇ, ಮೀನು ಒಂದೇ. ಸ್ಥಾನಗಳು ಮಾತ್ರ ಆರು.

ಈ ವಿಭಾಗಕ್ರಮವು ಯುರೋಪಿನಲ್ಲಿ ಇತ್ತೀಚೆಗೆ ಹುಟ್ಟಿದ ಸೂಕ್ಷ್ಮತೆಯೆಂದು ಮೇಲ್ನೋಟಕ್ಕೆ ತೋರಬಹುದು. ಅದರ ಮೂಲತತ್ತ್ವವು ಭಾರತದಲ್ಲಿ ಬಹು ಪ್ರಾಚೀನವಾದುದು. ಕಾಲಕಾಲಕ್ಕೆ ಬದಲಾದುದು ಮುಖ್ಯವಾಗಿ ಎರಡು ಸಂಗತಿಗಳು: ಸರಕಿನ ಹೆಸರನ್ನು ಗೊತ್ತುಮಾಡುವವರು ಯಾರು, ಅವರು ಗೊತ್ತುಮಾಡಿದುದು ವ್ಯಾಪಾರಿಗೆ ಮೊದಲೇ ತಿಳಿದಿರುತ್ತಿತ್ತೇ. ಈ ಎರಡು ಪ್ರಶ್ನೆಗಳನ್ನು ಮುಂದಿರಿಸಿಕೊಂಡು ಕನ್ನಡನಾಡಿನ ಸುಂಕದ ಇತಿಹಾಸದಲ್ಲಿ ಮೀನಿನ ಸ್ಥಾನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಅರ್ಥಶಾಸ್ತ್ರದ ಒಣಮೀನು

ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. 1905ರಲ್ಲಿ ಮೈಸೂರಿನ ಸರಕಾರೀ ಪ್ರಾಚ್ಯಪುಸ್ತಕಭಂಡಾರದಲ್ಲಿ ಅದರ ತಾಳೆಯೋಲೆಯ ಪ್ರತಿಯು ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದಿತು. 1909ರಲ್ಲಿ ಅವರು ಮೂಲವನ್ನು ಅಚ್ಚುಮಾಡಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಪಟ್ಟಣದ ಹೆಬ್ಬಾಗಿಲ ಬಳಿಯಲ್ಲಿ ಸುಂಕದ ಕಟ್ಟೆಯೂ ಧ್ವಜವೂ ಇರತಕ್ಕದ್ದು. ನಾಲ್ವರೋ ಐವರೋ ಅಧಿಕಾರಿಗಳು ಬಂದ ವ್ಯಾಪಾರಿಗಳು ಯಾರು, ಎಲ್ಲಿಂದ ಬಂದರು, ಎಷ್ಟು ಸರಕು ತಂದರು, ಮೊದಲ ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನು ಬರೆದುಕೊಳ್ಳತಕ್ಕದ್ದು.

ದರಗಳನ್ನು ಹೇಳುವ ಭಾಗವು ಪ್ರಕೃತವಿಷಯಕ್ಕೆ ವಿಶೇಷ ಉಪಯುಕ್ತವಾಗಿದೆ. ಹೊರಗಿನಿಂದ ಒಳಬರುವ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದರಲ್ಲಿ ಒಂದು ಪಾಲು ಸುಂಕ. ಹೂವು, ಹಣ್ಣು, ಸೊಪ್ಪು, ಗೆಡ್ಡೆ, ಬೀಜ ಮೊದಲಾದುವುಗಳೊಡನೆ ಒಣಮೀನನ್ನೂ ಮಾಂಸವನ್ನೂ ಸೇರಿಸಿ ಆರರಲ್ಲಿ ಒಂದು ಪಾಲನ್ನು ವಿಧಿಸಿದೆ. ಧಾನ್ಯ, ಎಣ್ಣೆ, ಉಪ್ಪು, ಮದ್ಯ ಇವುಗಳ ಸಾಲಿನಲ್ಲಿ ಬೇಯಿಸಿದ ಆಹಾರವನ್ನು ಬೇರೆಯಾಗಿ ಹೆಸರಿಸಿ, ಅದಕ್ಕೆ ಇಪ್ಪತ್ತರಲ್ಲಿ ಅಥವಾ ಇಪ್ಪತ್ತೈದರಲ್ಲಿ ಒಂದು ಪಾಲನ್ನು ಗೊತ್ತುಮಾಡಿದೆ. ಇಲ್ಲಿ ಎರಡು ವಿಷಯಗಳು ಗಮನಾರ್ಹವಾಗಿವೆ. ಮೊದಲನೆಯದು, ಮೀನನ್ನು ಅದು ಒಣಗಿದ ಸ್ಥಿತಿಯೊಡನೆ ಹೆಸರಿಸಿರುವುದು. ದೂರದ ಕಟ್ಟೆಗೆ ಬರುವ ಮೀನು ಕೆಡದಿರಬೇಕಾದರೆ ಒಣಗಿಯೇ ಬರಬೇಕಾಗಿದ್ದಿತು; ಆದಕಾರಣ ಪಟ್ಟಿಯನ್ನು ಬರೆದವನ ಕಣ್ಣಿಗೆ ಬಿದ್ದುದು ಒಣಮೀನು. ಎರಡನೆಯದು, ಕಚ್ಚಾ ಪದಾರ್ಥಕ್ಕೂ ಬೇಯಿಸಿದ ಪದಾರ್ಥಕ್ಕೂ ನಡುವೆ ದರದ ಗೆರೆಯನ್ನು ಎಳೆದಿರುವುದು. ಇಂದಿನ ಪಟ್ಟಿಯ ಮೂರನೆಯ ಅಧ್ಯಾಯಕ್ಕೂ ಹದಿನಾರನೆಯ ಅಧ್ಯಾಯಕ್ಕೂ ನಡುವೆ ಇರುವ ಗೆರೆಯು ಬಹುಮಟ್ಟಿಗೆ ಇದೇ ಆಗಿದೆ.

ಸರಕಿನ ಹೆಸರನ್ನು ಬದಲಿಸಿ ಹೇಳಿದ ವ್ಯಾಪಾರಿಗೆ ಹೊರೆಯೊಂದಕ್ಕೆ ಒಂದೂಕಾಲು ಪಣದ ದಂಡವನ್ನೂ ಅದೇ ಗ್ರಂಥವು ವಿಧಿಸುತ್ತದೆ. ಹೆಸರನ್ನು ಮರೆಸುವುದರಿಂದ ಲಾಭವಿದ್ದಿತೆಂಬುದಕ್ಕೆ ಈ ದಂಡವೇ ಸಾಕ್ಷಿ. ಸರಕಿನ ವಿವರವು ದಾಖಲೆಯ ವಿವರಕ್ಕೆ ಹೊಂದದಿದ್ದರೆ ಅದನ್ನು ಮುಟ್ಟುಗೋಲು ಹಾಕಬಹುದೆಂದು 1962ರ ಭಾರತದ ಕಸ್ಟಮ್ಸ್ ಕಾಯ್ದೆಯ 111ನೆಯ ಪ್ರಕರಣವು ಹೇಳುವುದೂ ಇದೇ ಭಾವವನ್ನು ಅನುಸರಿಸಿದೆ.

ಮೀನಿನ ಜಾತಿಗಳನ್ನು ವಿಂಗಡಿಸುವ ವಿದ್ಯೆಯೂ ಕನ್ನಡನಾಡಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದವೆಂಬ ಭಾಗದಲ್ಲಿ ಸುಮಾರು 35 ಬಗೆಯ ಮೀನುಗಳ ವರ್ಣನೆಯಿದೆ. ಕಡಲಿನವು, ಸಿಹಿನೀರಿನವು ಎಂದೂ, ಹುರುಪೆಯುಳ್ಳವು, ಬರಿಯ ಚರ್ಮವುಳ್ಳವು ಎಂದೂ ಅಲ್ಲಿ ಭೇದ ಮಾಡಿದೆ. ಅದು ರಾಜನ ವಿನೋದಕ್ಕಾಗಿ ಬರೆದುದು, ಸುಂಕಕ್ಕಾಗಿ ಬರೆದುದಲ್ಲ; ಆದರೂ ಮೀನೆಂಬ ಒಂದು ಮಾತು ಸಾಲದೆಂಬ ಅರಿವು ಆ ಕಾಲದವರಿಗೆ ಇದ್ದಿತೆಂದು ಇದರಿಂದ ತಿಳಿಯಬರುತ್ತದೆ.

3. ಶಾಸನಗಳ ಸಾಕ್ಷ್ಯ

ಕನ್ನಡ ಶಾಸನಗಳಲ್ಲಿ ಸುಂಕದ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಹೆಜ್ಜುಂಕ, ಕಿರುಕುಳ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಎಂಬುವು ಅವುಗಳಲ್ಲಿ ಪದೇಪದೇ ಬರತಕ್ಕವು. ಇವುಗಳಲ್ಲಿ ಕೆಲವು ಪದಗಳ ಅರ್ಥದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಹೆಜ್ಜುಂಕ, ಕಿರುಕುಳ ಎಂಬ ಜೋಡಿಯು ತನ್ನ ಅರ್ಥವನ್ನು ತಾನೇ ಹೇಳುತ್ತದೆ: ಹಿರಿಯ ಸರಕಿನ ಸುಂಕ ಒಂದು, ಸಣ್ಣಪುಟ್ಟ ಸರಕುಗಳ ಸುಂಕ ಇನ್ನೊಂದು. ಸುಂಕದ ಆಡಳಿತವು ಎಷ್ಟು ಗೌರವದ ಹುದ್ದೆಯಾಗಿದ್ದಿತೆಂಬುದಕ್ಕೆ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಅನಂತಪಾಲನು ನಿದರ್ಶನ. ಸಪ್ತಾರ್ಧಲಕ್ಷೆಯೆಂಬ ವಿಸ್ತಾರವಾದ ನಾಡಿನ ಪನ್ನಾಯದ ಅಧಿಕಾರವು ಅವನಿಗೆ ಸೇರಿದ್ದಿತು.

ಶಾಸನಗಳಲ್ಲಿ ಸರಕನ್ನು ಅಳೆಯುವ ಮಾನವು ಬಹುಮಟ್ಟಿಗೆ ಸಾಗಣೆಯನ್ನು ಅನುಸರಿಸಿದೆ. ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ, ಭಂಡಿ, ಅಂಗಡಿ ಎಂಬಂತೆ ಲೆಕ್ಕ. ಅಧಿಕಾರಿಯು ಹೇರನ್ನು ಬಿಚ್ಚಿ ಒಳಗಿನ ಗುಣವನ್ನು ಪರೀಕ್ಷಿಸುವ ಪ್ರಸಂಗವು ಇದರಿಂದ ಕಡಮೆಯಾಗುತ್ತಿದ್ದಿತು. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ದೇವಾಲಯಕ್ಕೋ ಬಸದಿಗೋ ಸುಂಕದ ಭಾಗವನ್ನು ಬಿಟ್ಟುಕೊಡುವಾಗ ನಖರ, ಮುಮ್ಮುರಿದಂಡ, ಉಭಯ ನಾನಾದೇಶಿ, ಅಯ್ಯಾವೊಳೆಯ ಐನೂರ್ವರು ಮೊದಲಾದ ವರ್ತಕಸಂಘಗಳು ಕೂಡಿ ಒಪ್ಪಿ ದರವನ್ನು ಗೊತ್ತುಮಾಡುತ್ತಿದ್ದುದು. ವೇಣುಗ್ರಾಮವೆಂದು ಹೆಸರಾಗಿದ್ದ ಬೆಳಗಾವಿಯ 1204ರ ರಟ್ಟರ ಕಾಲದ ಶಾಸನದಲ್ಲಿ ಆ ಊರಿನ ವರ್ತಕರೊಡನೆ ಲಾಟ, ಮಲೆಯಾಳ ಮೊದಲಾದ ಪರನಾಡಿನ ವರ್ತಕರೂ ಸೇರಿದ್ದರು. ಹೀಗೆ ಗೊತ್ತಾದ ದರವು ಕಲ್ಲಿನ ಮೇಲೆ ಕೊರೆಯಲ್ಪಟ್ಟು ಜನರು ನೋಡುವ ಸ್ಥಳದಲ್ಲಿ ನಿಲ್ಲುತ್ತಿದ್ದಿತು. ಸರಕಿನ ಹೆಸರೂ ದರವೂ ಹೇರು ಹೊರಡುವುದಕ್ಕೆ ಮೊದಲೇ ವ್ಯಾಪಾರಿಗೆ ತಿಳಿದಿರುತ್ತಿದ್ದುವೆಂಬುದು ಈ ಪದ್ಧತಿಯ ವಿಶೇಷ ಗುಣ.

ವಿಜಯನಗರದ ಕಾಲಕ್ಕೆ ಸುಂಕವು ಮೂರು ಬಗೆಯಾಗಿ ವಿಭಾಗವಾಗಿದ್ದಿತೆಂದು ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ತಿಳಿಸಿದ್ದಾರೆ. ಒಂದು ಸ್ಥಳದಲ್ಲಿ ಮಾರಲು ಬಂದ ಸರಕಿಗೆ ಸ್ಥಳಾದಾಯ, ಸೀಮೆಯನ್ನು ಹಾಯ್ದುಹೋಗುವ ಸರಕಿಗೆ ಮಾರ್ಗಾದಾಯ, ಪರದೇಶಕ್ಕೆ ಹೋಗುವುದಕ್ಕೆ ಮಾಮೂಲಾದಾಯ. ಸೌದೆ ಹುಲ್ಲುಗಳೂ ಸುಂಕಕ್ಕೆ ಒಳಪಟ್ಟಿದ್ದುವು. ಗಾಜಿನ ಬಳೆ, ಹಿತ್ತಾಳೆಯ ಪಾತ್ರೆ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ ಇದ್ದಿತು. ಈ ವಿಭಾಗದಲ್ಲಿ ಸರಕು ಯಾವುದೆಂಬುದಕ್ಕಿಂತ ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯು ಮುಂದೆ ನಿಂತಿದೆ.

4. ಶಿರೆಯ ಸುಬೆಯೂ ಸಾಯರೂ

ಮದಲೂರು ಸೀಮೆಯ ರಾಜಧಾನಿಯೆನ್ನಬಹುದಾದ ಶಿರಾ ಪಟ್ಟಣವು 1638ರಲ್ಲಿ ಬಿಜಾಪುರದವರ ವಶವಾಗಿ, 1687ರಲ್ಲಿ ಮೊಗಲರ ಕೈಸೇರಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳ ಸುಬೆಗೆ ಅದು ಮುಖ್ಯಸ್ಥಾನವಾಯಿತು. 1761ರಲ್ಲಿ ಹೈದರಾಲಿಯು ಶಿರೆಯ ನವಾಬನೆಂಬ ಬಿರುದನ್ನು ಪಡೆದನು. ಈ ಆಳಿಕೆಗಳೊಡನೆ ಸುಂಕಕ್ಕೆ ಸಾಯರೆಂಬ ಅರಬ್ಬೀ ಮೂಲದ ಹೆಸರು ಬಳಕೆಗೆ ಬಂದಿತು. ಭೂಮಿಯ ಕಂದಾಯವನ್ನು ಬಿಟ್ಟು ಉಳಿದ ಹಲವು ಬಗೆಯ ಆದಾಯಗಳು ಇದರೊಳಗೆ ಸೇರಿದುವು.

ಸಾಯರನ್ನು ಇಜಾರೆಗೆ ಕೊಡುವ ಪದ್ಧತಿಯು ಬೆಳೆದಂತೆ ಶಾಸನಗಳ ಕಾಲದ ನಿಶ್ಚಿತತೆಯು ಅಳಿಯಿತು. ಮುಂಗಡವಾಗಿ ಹಣಕ್ಕೆ ಒಪ್ಪಿಕೊಂಡ ಇಜಾರದಾರನಿಗೆ ತನ್ನ ಅವಧಿಯಲ್ಲಿ ಆದಷ್ಟು ಹೆಚ್ಚಾಗಿ ವಸೂಲು ಮಾಡುವುದೇ ಹಿತ. ಚೌಕಿಯಿಂದ ಚೌಕಿಗೆ ದರ ಬೇರೆ, ಹೆಸರು ಬೇರೆ. ಸರಕು ಏನೆಂಬುದನ್ನು ಚೌಕಿಯವನು ತನ್ನ ಬಾಯಿಮಾತಿನಿಂದ ನಿರ್ಣಯಿಸುತ್ತಿದ್ದನು. ಅದನ್ನು ಪ್ರಶ್ನಿಸಲು ವ್ಯಾಪಾರಿಗೆ ತೋರಿಸುವುದಕ್ಕೆ ಕಲ್ಲಾಗಲಿ ಕಾಗದವಾಗಲಿ ಇರುತ್ತಿರಲಿಲ್ಲ. ಕಡಲತೀರದಿಂದ ಘಟ್ಟವನ್ನು ಹತ್ತಿ ಬಯಲುಸೀಮೆಯ ಸಂತೆಗಳಿಗೆ ಬರುತ್ತಿದ್ದ ಒಣಮೀನಿನಂತಹ ಅಗ್ಗದ ಸರಕಿಗೆ ಇಂತಹ ಪದ್ಧತಿಯು ಎಷ್ಟು ಭಾರವಾದುದೆಂಬುದನ್ನು ವಿವರಿಸಬೇಕಾಗಿಲ್ಲ. ಬೆಲೆ ಕಡಮೆಯಾದಷ್ಟೂ ಚೌಕಿಯ ಹೊರೆ ಹೆಚ್ಚು.

1831ರಲ್ಲಿ ಮೈಸೂರು ಕಮಿಷನರುಗಳ ಆಡಳಿತಕ್ಕೆ ಬಂದ ಮೇಲೆ ಈ ಗೊಂದಲವನ್ನು ತೆಗೆದುಹಾಕುವ ಪ್ರಯತ್ನ ನಡೆಯಿತು. ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಬಾಬುಗಳ ಸಂಖ್ಯೆಯನ್ನು ರೈಸ್ ಅವರು 769 ಎಂದು ಲೆಕ್ಕ ಕೊಟ್ಟಿದ್ದಾರೆ. ಮದುವೆ, ಮಗುವಿನ ಜನನ, ನಾಮಕರಣ ಮೊದಲಾದುವುಗಳ ಮೇಲಿನ ತೆರಿಗೆಗಳೂ ಅವುಗಳಲ್ಲಿ ಸೇರಿದ್ದುವು. ಸುಂಕದ ಪಟ್ಟಿಯಲ್ಲಿ ಹೆಸರುಗಳು ಹೆಚ್ಚಾದ ಮಾತ್ರಕ್ಕೆ ಅದು ಸೂಕ್ಷ್ಮವಾಗುವುದಿಲ್ಲ, ಹೆಸರುಗಳಿಗೆ ಒಂದು ಕ್ರಮವಿರಬೇಕು ಎಂಬ ಪಾಠವು ಈ ಸಂಖ್ಯೆಯಲ್ಲಿ ಅಡಗಿದೆ.

ಇದೇ ಸೀಮೆಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಇಲ್ಲಿ ಹೇಳಬೇಕು. ಟಿಪ್ಪುವಿನ ಪತನಾನಂತರ ಕಂಪೆನಿಯ ಸರಕಾರವು ಡಾ. ಫ್ರಾನ್ಸಿಸ್ ಬುಕಾನನ್ನರನ್ನು ಈ ನಾಡಿನ ಸ್ಥಿತಿಯನ್ನು ಅರಿಯಲು ಕಳುಹಿಸಿತು. 1800ರಲ್ಲಿ ಅವರು ಶಿರಾ ಪ್ರಾಂತದಲ್ಲಿಯೂ ಸಂಚರಿಸಿ ಬೇಸಾಯ, ತೂಕ, ಅಳತೆ, ವ್ಯಾಪಾರಗಳ ವಿವರಗಳನ್ನು ಬರೆದುಕೊಂಡರು. ಆ ಪ್ರವಾಸವೃತ್ತಾಂತವು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಾಳಿದ ಇದೇ ವಿದ್ವಾಂಸರು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ ಕಾಟ್ಲಾ, ರೋಹಿತ, ಮೃಗಾಲ ಎಂಬ ದೇಶೀಯ ನಾಮಗಳನ್ನೇ ಆ ಮೀನುಗಳ ಶಾಸ್ತ್ರೀಯ ನಾಮಗಳಲ್ಲಿ ಸೇರಿಸಿದರು. ಈ ನಾಮಕರಣವು ಇನ್ನೂರು ವರ್ಷಗಳಾದ ಮೇಲೆ ಸುಂಕದ ಪಟ್ಟಿಗೆ ಹೇಗೆ ಉಪಯೋಗಕ್ಕೆ ಬಂದಿತೆಂಬುದು ಮುಂದೆ ಗೊತ್ತಾಗುವುದು.

5. ಕರಾವಳಿಯ ಉಪ್ಪುಮೀನು

ಮಂಗಳೂರು ಮೊದಲಾದ ರೇವುಗಳಿದ್ದ ಕನ್ನಡ ಜಿಲ್ಲೆಯು 1799ರಲ್ಲಿ ಬ್ರಿಟಿಷರಿಗೆ ಸೇರಿ ಮದರಾಸು ಆಧಿಪತ್ಯದೊಳಗಾಯಿತು. ಅದರ ಉತ್ತರಭಾಗವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಮೀನುಗಳು ಹಿಂಡುಹಿಂಡಾಗಿ ಬಂದಾಗ ಒಂದೇ ದಿನ ಬಲೆಗೆ ಬೀಳುವ ಮೀನನ್ನು ಊರವರು ತಿಂದು ಮುಗಿಸಲಾರರು. ಅದನ್ನು ಉಳಿಸಿಕೊಳ್ಳಲು ಉಪ್ಪು ಬೇಕು. ಉಪ್ಪಿನ ಮೇಲೆ ಸರಕಾರದ ಭಾರವಾದ ತೆರಿಗೆಯಿದ್ದುದರಿಂದ ಬೆಸ್ತರು ಉಪ್ಪುಮಣ್ಣನ್ನೇ ಬಳಸುತ್ತಿದ್ದರೆಂದೂ, ಅದರಿಂದ ಮೀನು ಕೆಟ್ಟು ತಿನ್ನುವವರ ಆರೋಗ್ಯಕ್ಕೆ ಹಾನಿಯಾಗುತ್ತಿತ್ತೆಂದೂ ಡಾ. ಫ್ರಾನ್ಸಿಸ್ ಡೇ ಅವರು ಭಾರತದ ಮೀನುಗಾರಿಕೆಯನ್ನು ವಿಚಾರಿಸಿದಾಗ ಕಂಡುಕೊಂಡರು.

ಇದರ ಫಲವಾಗಿ 1870ರ ದಶಕದಿಂದ ಮದರಾಸು ಆಧಿಪತ್ಯದ ಕರಾವಳಿಯಲ್ಲಿ ಫಿಷ್ ಕ್ಯೂರಿಂಗ್ ಯಾರ್ಡ್ ಎಂದು ಕರೆಯುತ್ತಿದ್ದ ಬೇಲಿಹಾಕಿದ ಸರಕಾರೀ ಅಂಗಳಗಳು ಏರ್ಪಟ್ಟುವು. ಅವುಗಳೊಳಗೆ ಬೆಸ್ತರಿಗೆ ತೆರಿಗೆಯಿಲ್ಲದ ಉಪ್ಪು ದೊರೆಯುತ್ತಿದ್ದಿತು. ನಿಯಮವೇನೆಂದರೆ, ಆ ಉಪ್ಪು ಮೀನಿನೊಳಗೆ ಸೇರಿ ಮಾತ್ರವೇ ಹೊರಗೆ ಹೋಗಬೇಕು. ಬರಿಯ ಉಪ್ಪಾಗಿ ಬೇಲಿಯನ್ನು ದಾಟಕೂಡದು. ಒಂದೇ ಉಪ್ಪಿಗೆ ಬೇಲಿಯ ಒಳಗೆ ಒಂದು ಹೆಸರು, ಹೊರಗೆ ಇನ್ನೊಂದು. ಮೀನಿನ ಹಿಡಿತವು ಹೆಚ್ಚಾದ ದಿನ ಉಪ್ಪು ಕೈಗೆ ಸಿಗುವುದು ತಡವಾದರೆ ಮೀನು ಹಾಳು. ಆದುದರಿಂದ ಅಂಗಳದ ಅಧಿಕಾರಿಯ ಲೆಕ್ಕಪತ್ರಕ್ಕೂ ಬೆಸ್ತರ ಮನೆಯ ಒಲೆಗೂ ನೇರವಾದ ಸಂಬಂಧವಿದ್ದಿತು. ಉಪ್ಪಿನ ತೆರಿಗೆಯು 1947ರಲ್ಲಿ ರದ್ದಾದುದರಿಂದ ಈ ಭೇದಕ್ಕೆ ಅರ್ಥ ಉಳಿಯಲಿಲ್ಲ. ಆದರೆ ಮೀನಿನ ಸುಂಕವನ್ನು ಅದನ್ನು ಕಾಪಾಡುವ ಸಾಧನದ ಮೂಲಕ ನಿರ್ಣಯಿಸುವ ಕ್ರಮವು ಅಲ್ಲಿಗೆ ಮುಗಿಯಲಿಲ್ಲ. ಉಪ್ಪಿನ ಸ್ಥಾನಕ್ಕೆ ಶೈತ್ಯವು ಬಂದಿತು.

6. ಶೈತ್ಯವೂ ಲೋಕದ ಪಟ್ಟಿಯೂ

ಭಾರತದಿಂದ ಹೆಪ್ಪುಗಟ್ಟಿಸಿದ ಸಿಗಡಿಯು ಮೊದಲು 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಹೋಯಿತು. ಅದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ನಾರ್ವೆ ದೇಶದ ನೆರವಿನಿಂದ ತಿರುವಾಂಕೂರಿನ ಕರಾವಳಿಯಲ್ಲಿ ಆರಂಭವಾಗಿದ್ದ ಮೀನುಗಾರಿಕೆಯ ಯೋಜನೆಯು 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. 1972ರಲ್ಲಿ ಸಮುದ್ರೋತ್ಪನ್ನಗಳ ರಫ್ತು ಅಭಿವೃದ್ಧಿಯ ಪ್ರಾಧಿಕಾರಕ್ಕಾಗಿ ಕಾಯ್ದೆಯಾಯಿತು; 1974ರಲ್ಲಿ ನವಮಂಗಳೂರು ಬಂದರು ಭಾರತದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಇಂತು ಎರಡು ದಶಕಗಳಲ್ಲಿ ಕರಾವಳಿಯ ಮೀನು ಉಪ್ಪು ಬಿಸಿಲುಗಳನ್ನು ಮಾತ್ರ ನಂಬಿದ್ದ ಸ್ಥಿತಿಯಿಂದ ಶೀತಾಗಾರದ ಆಶ್ರಯಕ್ಕೆ ಬಂದಿತು.

ಅದೇ ಕಾಲದಲ್ಲಿ ಲೋಕದ ಸರಕುಗಳಿಗೆಲ್ಲ ಒಂದೇ ಹೆಸರಿನ ಪಟ್ಟಿ ಬೇಕೆಂಬ ಯತ್ನವೂ ನಡೆಯುತ್ತಿದ್ದಿತು. 1913ರಲ್ಲಿ ಬ್ರಸೆಲ್ಸ್ ನಗರದಲ್ಲಿ ವಾಣಿಜ್ಯದ ಅಂಕಿಅಂಶಗಳಿಗಾಗಿ ಒಂದು ಪಟ್ಟಿಗೆ ಒಪ್ಪಂದವಾಯಿತು. ಮೊದಲ ಮಹಾಯುದ್ಧದ ತರುವಾಯ ರಾಷ್ಟ್ರಸಂಘವು ಜಿನೀವದಲ್ಲಿ ಇನ್ನೊಂದು ಕರಡನ್ನು ಸಿದ್ಧಪಡಿಸಿತು. 1950ರಲ್ಲಿ ಬ್ರಸೆಲ್ಸ್‌ನಲ್ಲಿಯೇ ಸುಂಕದ ಪಟ್ಟಿಯ ಒಡಂಬಡಿಕೆಯಾಯಿತು. ಇವೆಲ್ಲವುಗಳ ಪರಿಣಾಮವೇ 1983ರಲ್ಲಿ ಒಪ್ಪಿಗೆಯಾಗಿ 1988ರ ಜನವರಿ 1ರಿಂದ ಜಾರಿಗೆ ಬಂದ, ಹಾರ್ಮೊನೈಸ್ಡ್ ಸಿಸ್ಟಮ್ ಎಂದು ಹೆಸರಾದ ಸಮನ್ವಿತ ಸರಕುಪಟ್ಟಿ. ಭಾರತವು 1975ರ ಕಸ್ಟಮ್ಸ್ ಟಾರಿಫ್ ಕಾಯ್ದೆಯನ್ನು ಬ್ರಸೆಲ್ಸಿನ ಹಳೆಯ ಪಟ್ಟಿಯನ್ನು ಅನುಸರಿಸಿ ಮಾಡಿ, 1986ರ ಫೆಬ್ರವರಿ 28ರಿಂದ ಹೊಸ ಸಮನ್ವಿತ ಪಟ್ಟಿಗೆ ಹೊಂದಿಸಿಕೊಂಡಿತು. ಲೋಕದಲ್ಲೆಲ್ಲ ಮೊದಲ ಆರು ಅಂಕೆಗಳು ಸಮಾನ. ಅವುಗಳ ಮೇಲೆ ಎರಡು ಅಂಕೆಗಳನ್ನು ಭಾರತವು ತನ್ನ ಉಪಯೋಗಕ್ಕಾಗಿ ಸೇರಿಸಿಕೊಂಡಿದೆ. 2017ರ ಜುಲೈ 1ರಿಂದ ದೇಶದೊಳಗಿನ ಸರಕು ಮತ್ತು ಸೇವಾ ತೆರಿಗೆಯೂ ಇದೇ ಅಂಕೆಗಳನ್ನು ಆಧರಿಸಿರುವುದರಿಂದ, ಕಡಲನ್ನೇ ಕಾಣದ ಶಿರಾ ಪೇಟೆಯ ಅಂಗಡಿಗೂ ಬ್ರಸೆಲ್ಸಿನ ಅಧ್ಯಾಯಗಳು ಅನ್ವಯಿಸುವಂತಾಯಿತು. ಹಸಿಯ ಅಥವಾ ತಣ್ಣಗಿಟ್ಟ ಮೀನಿಗೆ ಈ ತೆರಿಗೆಯಿಲ್ಲ. ಹೆಪ್ಪುಗಟ್ಟಿಸಿ, ಮೊದಲೇ ಪೊಟ್ಟಣ ಕಟ್ಟಿ, ಚೀಟಿ ಹಚ್ಚಿದ ಮೀನಿಗೆ ಉಂಟು.

7. ಗೆರೆಗಳ ವಿಚಾರ

ಈ ಪಟ್ಟಿಯಲ್ಲಿ ಮೀನಿಗೆ ಸಂಬಂಧಿಸಿದ ಗೆರೆಗಳನ್ನು ವಿವರವಾಗಿ ನೋಡಬೇಕಾಗಿದೆ; ವಿವಾದಗಳೆಲ್ಲ ಹುಟ್ಟುವುದು ಈ ಗೆರೆಗಳ ಮೇಲೆಯೇ.

ಮೊದಲನೆಯದು ತಣ್ಣಗಿಟ್ಟುದಕ್ಕೂ ಹೆಪ್ಪುಗಟ್ಟಿಸಿದುದಕ್ಕೂ ಇರುವ ಗೆರೆ. ಪಟ್ಟಿಯ ವಿವರಣೆಯ ಪ್ರಕಾರ, ಸುಮಾರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನವರೆಗೆ ತಂಪುಮಾಡಿ, ಗಟ್ಟಿಯಾಗದಂತೆ ಇಟ್ಟುದು ತಣ್ಣಗಿಟ್ಟ ಮೀನು. ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗೆ ತಂದು, ಹೊರಗೂ ಒಳಗೂ ಪೂರ್ತಿಯಾಗಿ ಗಟ್ಟಿಯಾಗಿಸಿದುದು ಹೆಪ್ಪುಗಟ್ಟಿಸಿದ ಮೀನು. ಹೊರಮೈ ಮಾತ್ರ ಗಟ್ಟಿಯಾದರೆ ಸಾಲದು.

ಎರಡನೆಯದು ಇಡಿಗೂ ಹೋಳಿಗೂ ಇರುವ ಗೆರೆ. ತಲೆ ತೆಗೆದು ಹೊಟ್ಟೆಯನ್ನು ಶುದ್ಧಮಾಡಿದ ಬಂಗುಡೆಯನ್ನು ಹೆಪ್ಪುಗಟ್ಟಿಸಿದರೆ ಅದು 0303ರಲ್ಲಿಯೇ ಉಳಿಯುತ್ತದೆ. ಬೆನ್ನೆಲುಬಿನ ಉದ್ದಕ್ಕೂ ಮಾಂಸವನ್ನು ಬಿಡಿಸಿ ತೆಗೆದ ಫಿಲೆಟ್ ಎಂಬ ಹೋಳು ಮಾತ್ರ 0304ಕ್ಕೆ ಹೋಗುತ್ತದೆ. ಅರೆದ ಮೀನಿನ ಮಾಂಸವೂ ಇದರಲ್ಲಿಯೇ ಸೇರಿದೆ. ಸುರಿಮಿಯೆಂಬ ಜಪಾನೀ ಹೆಸರಿನ, ತೊಳೆದು ಅರೆದು ಹೆಪ್ಪುಗಟ್ಟಿಸಿದ ಮೀನಿನ ಮುದ್ದೆಯು ಕರ್ಣಾಟಕದ ಕರಾವಳಿಯಲ್ಲಿಯೂ ತಯಾರಾಗುತ್ತದೆ. ಅದು 0304ಕ್ಕೆ ಸೇರುತ್ತದೆ. ಅದರಿಂದಲೇ ಏಡಿಯ ರುಚಿಯನ್ನು ಕೊಟ್ಟು ಬೇಯಿಸಿ ಮಾಡಿದ ಕಡ್ಡಿಗಳು 1604ಕ್ಕೆ.

ಮೂರನೆಯದು ಕಚ್ಚಾ ಮೀನಿಗೂ ಖಾದ್ಯಕ್ಕೂ ಇರುವ ಗೆರೆ. ಇದು ಅತ್ಯಂತ ಸೂಕ್ಷ್ಮವಾದುದು. ಸಿಗಡಿಯನ್ನು ಚಿಪ್ಪಿನೊಡನೆ ನೀರಿನಲ್ಲೋ ಹಬೆಯಲ್ಲೋ ಬೇಯಿಸಿ ಹೆಪ್ಪುಗಟ್ಟಿಸಿದರೆ ಅದು 0306ರಲ್ಲಿಯೇ ನಿಲ್ಲುತ್ತದೆ. ಚಿಪ್ಪು ಸುಲಿದು ಹಸಿಯಾಗಿಯೇ ಹೆಪ್ಪುಗಟ್ಟಿಸಿದರೂ 0306. ಚಿಪ್ಪು ಸುಲಿದುದೂ ಆಗಿ ಬೇಯಿಸಿದುದೂ ಆದರೆ ಮಾತ್ರ 1605. ಸುಲಿಯುವುದೊಂದೇ ಆಗಲಿ ಬೇಯಿಸುವುದೊಂದೇ ಆಗಲಿ ಅಧ್ಯಾಯವನ್ನು ಬದಲಿಸಲಾರದು. ಎರಡೂ ಕೂಡಿದಾಗ ಬದಲಾಗುತ್ತದೆ. ಮೀನಿನ ಹೋಳಿಗೆ ಬರಿಯ ಹಿಟ್ಟಿನ ಕಲಸವನ್ನೋ ರೊಟ್ಟಿಯ ಪುಡಿಯನ್ನೋ ಹಚ್ಚಿದರೂ ಅದು 1604ಕ್ಕೆ ದಾಟುತ್ತದೆ, ಒಲೆಯ ಮೇಲೆ ಇಡದಿದ್ದರೂ ಸರಿಯೇ.

ನಾಲ್ಕನೆಯದು ಆಹಾರಕ್ಕೂ ಆಹಾರವಲ್ಲದುದಕ್ಕೂ ಇರುವ ಗೆರೆ. ಮನುಷ್ಯರು ತಿನ್ನಲು ಯೋಗ್ಯವಲ್ಲದ ಮೀನಿನ ಹುಡಿ 2301ಕ್ಕೆ, ಮೀನೆಣ್ಣೆ 1504ಕ್ಕೆ, ಮೀನಿನ ತ್ಯಾಜ್ಯ 0511ಕ್ಕೆ ಸೇರುತ್ತವೆ. ಬೂತಾಯಿಯೊಂದೇ ತಟ್ಟೆಗೂ ದೀಪಕ್ಕೂ ತೆಂಗಿನ ಬುಡಕ್ಕೂ ಬರುತ್ತಿದ್ದ ಕರಾವಳಿಯಲ್ಲಿ ಈ ಭೇದವು ಸಹಜವಾಗಿಯೇ ಅರ್ಥವಾಗತಕ್ಕುದು.

ಐದನೆಯದು ಜಾತಿಯ ಗೆರೆ. ಇಲ್ಲಿ ಪಟ್ಟಿಯು ಪ್ರಾಣಿಶಾಸ್ತ್ರದ ಹೆಸರುಗಳನ್ನು ಅವಲಂಬಿಸಿದೆ. 2012ರ ಪರಿಷ್ಕರಣದಲ್ಲಿ ಕಾರ್ಪ್ ಎಂಬ ಮೀನಿನ ವರ್ಗಕ್ಕೆ ಪ್ರತ್ಯೇಕ ಸ್ಥಾನಗಳು ದೊರೆತಾಗ ಮೃಗಾಲ್ ಮೀನಿನ ಕುಲವು ಅದರಲ್ಲಿ ಸೇರಿತು. ಕಾಟ್ಲಾ, ರೋಹುಗಳು ಹೊರಗುಳಿದು ಇತರ ಮೀನುಗಳ ಗುಂಪಿನಲ್ಲಿದ್ದುವು. 2017ರ ಪರಿಷ್ಕರಣದಲ್ಲಿ ಅವೆರಡರ ಹೆಸರುಗಳೂ ಸೇರಿದುವು. ಮೀನು ಬದಲಾಗಲಿಲ್ಲ, ಕೆರೆ ಬದಲಾಗಲಿಲ್ಲ. ಬ್ರಸೆಲ್ಸಿನಲ್ಲಿ ಒಂದು ಸಾಲು ಉದ್ದವಾದುದರಿಂದ ಇವುಗಳ ಸ್ಥಾನ ಬದಲಾಯಿತು. ಶಿರಾ ಸೀಮೆಯನ್ನು ಕಂಡಿದ್ದ ಬುಕಾನನ್ನರು ಶಾಸ್ತ್ರಕ್ಕೆ ಸೇರಿಸಿದ ದೇಶೀಯ ಹೆಸರು ಹೀಗೆ ಲೋಕದ ಪಟ್ಟಿಯನ್ನು ಪ್ರವೇಶಿಸಿತು.

8. ಹೆಸರಿನಿಂದಾಗುವ ಲಾಭಹಾನಿಗಳು

ಈ ಗೆರೆಗಳು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನವು 2005ರ ಫೆಬ್ರವರಿ 1ರಂದು ಹೊರಡಿಸಿದ ಆಜ್ಞೆಯೇ ನಿದರ್ಶನ. ಭಾರತವೂ ಸೇರಿ ಕೆಲವು ದೇಶಗಳ ಸಿಗಡಿಯು ನ್ಯಾಯವಾದ ಬೆಲೆಗಿಂತ ಕಡಮೆಗೆ ಮಾರಾಟವಾಗುತ್ತಿದೆಯೆಂದು ಹೇಳಿ ಅದರ ಮೇಲೆ ಹೆಚ್ಚಿನ ಸುಂಕವನ್ನು ಹಾಕಲಾಯಿತು. ಹೆಪ್ಪುಗಟ್ಟಿಸಿದ ಬೆಚ್ಚನೀರಿನ ಸಿಗಡಿಯು ಸುಲಿದಿರಲಿ ಸುಲಿಯದಿರಲಿ, ಬೇಯಿಸಿರಲಿ ಬೇಯಿಸದಿರಲಿ ಈ ಆಜ್ಞೆಗೆ ಒಳಪಟ್ಟಿತು. ಹೆಪ್ಪುಗಟ್ಟಿಸದ ಹಸಿಯ ಸಿಗಡಿ, ಒಣಸಿಗಡಿ, ಡಬ್ಬಿಯ ಸಿಗಡಿ, ರೊಟ್ಟಿಯ ಪುಡಿ ಹಚ್ಚಿದ ಸಿಗಡಿ ಇವು ಹೊರಗುಳಿದುವು. ಹಿಟ್ಟಿನ ಒಂದು ತೆಳುವಾದ ಪದರವು ಸುಂಕವಿರುವುದಕ್ಕೂ ಇಲ್ಲದಿರುವುದಕ್ಕೂ ಕಾರಣವಾಯಿತು. ಹಡಗಿನ ಬಾಗಿಲಲ್ಲಿ ಬಿದ್ದ ಇಂತಹ ಭಾರವು ಕಾರ್ಖಾನೆಯಲ್ಲಿಯೇ ನಿಲ್ಲುವುದಿಲ್ಲ. ಸಿಗಡಿಯ ಬೆಲೆಯ ಮೂಲಕ ದೋಣಿಗೂ, ಸಿಗಡಿ ಸುಲಿಯುವ ಹೆಂಗಸರ ಕೂಲಿಗೂ ಬಂದು ಮುಟ್ಟುತ್ತದೆ.

ತೂಕದ ವಿಷಯವೂ ಇಂತಹುದೇ. ಹೆಪ್ಪುಗಟ್ಟಿಸಿದ ಸಿಗಡಿಯು ಒಣಗದಂತೆ ಅದರ ಮೇಲೆ ನೀರಿನ ತೆಳುವಾದ ಹಿಮದ ಹೊದಿಕೆಯನ್ನು ಕೊಡುತ್ತಾರೆ. ನಿಜವಾದ ತೂಕವನ್ನು ಹೇಳುವಾಗ ಈ ಹೊದಿಕೆಯನ್ನು ಕಳೆಯಬೇಕು. ಉಪ್ಪಿನ ಅಂಗಳದಲ್ಲಿ ಮೀನಿನೊಳಗೆ ಎಷ್ಟು ಉಪ್ಪು ಹೋಯಿತೆಂದು ಲೆಕ್ಕವಿಡುತ್ತಿದ್ದ ಅಧಿಕಾರಿಯ ಕೆಲಸವು ಈಗ ಮೀನಿನ ಮೇಲೆ ಎಷ್ಟು ನೀರಿದೆಯೆಂದು ನೋಡುವವನಿಗೆ ಬಂದಿದೆ.

ಹೆಸರನ್ನು ಗೊತ್ತುಮಾಡುವ ಅಧಿಕಾರದ ವಿಷಯದಲ್ಲಿ ಈ ಪಟ್ಟಿಗೆ ಒಂದು ದೊಡ್ಡ ಗುಣವಿದೆ. ಒಂದು ಸರಕು ಎರಡು ಶೀರ್ಷಿಕೆಗಳಿಗೆ ಸೇರುವಂತೆ ಕಂಡರೆ ಹೆಚ್ಚು ವಿಶೇಷವಾಗಿ ಹೇಳುವುದನ್ನು ಹಿಡಿಯಬೇಕು. ಅದರಿಂದ ನಿರ್ಣಯವಾಗದಿದ್ದರೆ ಸರಕಿಗೆ ಮುಖ್ಯ ಲಕ್ಷಣವನ್ನು ಕೊಡುವ ಅಂಶವನ್ನು ನೋಡಬೇಕು. ಅದೂ ಆಗದಿದ್ದರೆ ಅಂಕೆಯ ಕ್ರಮದಲ್ಲಿ ಕೊನೆಯದನ್ನು ಹಿಡಿಯಬೇಕೆಂದು ನಿಯಮಗಳಿವೆ. ಇದಲ್ಲದೆ, ಸರಕನ್ನು ಕಳುಹಿಸುವ ಅಥವಾ ತರಿಸುವ ಮೊದಲೇ ಅದರ ಸ್ಥಾನವನ್ನು ಕೇಳಿ ತಿಳಿದುಕೊಳ್ಳುವ ಮುಂಗಡ ನಿರ್ಣಯದ ವ್ಯವಸ್ಥೆಯು 1999ರಲ್ಲಿ ಭಾರತದ ಕಸ್ಟಮ್ಸ್ ಕಾಯ್ದೆಗೆ ಸೇರಿತು. ಚೌಕಿಯವನ ಬಾಯಿಮಾತಿನಿಂದ ಬಹುದೂರ ಬಂದಂತಾಯಿತು. ಪೇಟೆಯ ಕಲ್ಲಿನ ಮೇಲೆ ದರವನ್ನು ಕೊರೆಯಿಸಿದ ನಾನಾದೇಶಿಗಳ ಉದ್ದೇಶವೂ ಇದೇ ಆಗಿದ್ದಿತು: ಹೇರು ಹೊರಡುವ ಮೊದಲು ಸುಂಕ ತಿಳಿದಿರಬೇಕು.

9. ಉಪಸಂಹಾರ

ಮೇಲೆ ಹೇಳಿದ ವಿಷಯಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸ್ಥಿತಿಯನ್ನು ನೋಡಿ ಮೀನಿಗೆ ಸುಂಕವನ್ನು ಗೊತ್ತುಮಾಡುವ ಕ್ರಮವು ಅರ್ಥಶಾಸ್ತ್ರದಷ್ಟು ಹಳೆಯದು. ಮೀನನ್ನು ಕೆಡದಂತೆ ಉಳಿಸುವ ಸಾಧನವು ಬಿಸಿಲಿನಿಂದ ಉಪ್ಪಿಗೂ ಉಪ್ಪಿನಿಂದ ಶೈತ್ಯಕ್ಕೂ ಬದಲಾದಂತೆ ಪಟ್ಟಿಯ ಹೆಸರುಗಳೂ ಬದಲಾದುವು. ಸುಂಕವು ನ್ಯಾಯವಾಗಿ ನಡೆದುದು ಪಟ್ಟಿಯು ಚಿಕ್ಕದಾಗಿದ್ದಾಗಲೂ ಅಲ್ಲ, ದೊಡ್ಡದಾಗಿದ್ದಾಗಲೂ ಅಲ್ಲ. ಅದು ಎಲ್ಲರಿಗೂ ಮೊದಲೇ ತಿಳಿದಿದ್ದಾಗ.

ಈ ಕೊನೆಯ ಮಾತನ್ನು ಒಪ್ಪಿದರೆ ಒಂದು ಕೊರತೆಯು ಎದ್ದುಕಾಣುತ್ತದೆ. ಶಾಸನಗಳು ಕನ್ನಡದಲ್ಲಿದ್ದುವು, ಇಂದಿನ ಪಟ್ಟಿಯು ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್ ಹೆಸರುಗಳಲ್ಲಿದೆ. ಬಂಗುಡೆಯು ರಾಸ್ಟ್ರೆಲ್ಲಿಗರ್ ಕನಗುರ್ಟವೆಂದೂ ಬೂತಾಯಿಯು ಸಾರ್ಡಿನೆಲ್ಲ ಲಾಂಗಿಸೆಪ್ಸ್ ಎಂದೂ ಅದನ್ನು ಹಿಡಿದವನಿಗೆ ತಿಳಿಯದು. ಕನಗುರ್ಟವೆಂಬುದು ತೆಲುಗು ಕರಾವಳಿಯ ಬೆಸ್ತರ ಮಾತು. ಕಾಟ್ಲಾ, ರೋಹಿತಗಳೂ ದೇಶೀಯ ಮಾತುಗಳೇ. ದೇಶಭಾಷೆಯ ಹೆಸರು ಶಾಸ್ತ್ರಕ್ಕೂ ಸುಂಕದ ಪಟ್ಟಿಗೂ ಏರಬಲ್ಲುದೆಂಬುದಕ್ಕೆ ಇವು ಸಾಕ್ಷಿಯಾಗಿವೆ. ಕಾರವಾರದಿಂದ ಉಳ್ಳಾಲದವರೆಗೆ ಬೆಸ್ತರು ಆಡುವ ಮೀನಿನ ಹೆಸರುಗಳನ್ನೂ, ಮದಲೂರಿನಂತಹ ಬಯಲುಸೀಮೆಯ ಕೆರೆಗಳ ಮೀನಿನ ಹೆಸರುಗಳನ್ನೂ ಸಂಗ್ರಹಿಸಿ, ಅವುಗಳಿಗೆ ಎದುರಾಗಿ ಶಾಸ್ತ್ರೀಯ ನಾಮವನ್ನೂ ಸುಂಕದ ಶೀರ್ಷಿಕೆಯನ್ನೂ ಕೊಟ್ಟು ಒಂದು ಕನ್ನಡ ಕೋಶವನ್ನು ಸಿದ್ಧಪಡಿಸುವುದು ವಿದ್ವಾಂಸರೂ ಮೀನುಗಾರಿಕೆಯ ಇಲಾಖೆಯವರೂ ಕೂಡಿ ಮಾಡತಕ್ಕ ಕಾರ್ಯವಾಗಿದೆ. ಹಿಂದಿನವರು ಕಲ್ಲಿನಲ್ಲಿ ಮಾಡಿದ ಕೆಲಸವನ್ನು ಇಂದಿನವರು ಕಾಗದದಲ್ಲಿಯಾದರೂ ಮಾಡುವುದು ಯುಕ್ತ.